ಕಂದು ನೆಲದ ಮೇಲೆ ಬಿಳಿ ಮೊಲ

"ಗುರುಗಳೇ, ಕಾಲ ಬದಲಾದಾಗ ಅದಕ್ಕೆ ತಕ್ಕಂತೆ ತಾನೂ ಬದಲಾಗದ ಜೀವಿ ಸತ್ತುಹೋದರೆ, ತಪ್ಪು ಆ ಜೀವಿಯದೇ ಅಲ್ಲವೇ?"

ಹೀಗೆ ಕೇಳಿದವನು ಚನ್ನವೃಷಭನೆಂಬ ಶಿಷ್ಯ. ಮರುದಿನ ಅವನ ಮೊದಲ ಪ್ರವಚನ. ಸುತ್ತಲಿನ ಹಳ್ಳಿಗಳ ಜನ ಬರುವವರಿದ್ದರು. ಮಳೆ ಬರಬೇಕಾದ ಹೊತ್ತಿಗೆ ಬರುತ್ತಿಲ್ಲ, ಚಳಿಯ ತಿಂಗಳಲ್ಲಿ ಮೈ ಬೆವರುತ್ತದೆ, ಮಾವು ಹೂ ಬಿಡುವ ಕಾಲವನ್ನೇ ಮರೆತಿದೆ ಎಂದು ಮಠಕ್ಕೆ ಬಂದು ಗೋಳು ತೋಡಿಕೊಂಡಿದ್ದ ಜನ. ಅವರಿಗೆ ಏನು ಹೇಳಬೇಕೆಂದು ಅವನು ಆಗಲೇ ಗೊತ್ತುಮಾಡಿಕೊಂಡಿದ್ದ. ಗುರುಗಳ ಒಪ್ಪಿಗೆ ಒಂದು ಬಾಕಿ ಇತ್ತು.

ಗುರು ಅಡವಯ್ಯನವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಓದಿದ್ದೆಲ್ಲ ತಾವೇ ಹೆಣಗಾಡಿ ಓದಿದ್ದು. ಮಾತು ಒರಟು.

"ನಾಳೆ ಜನರಿಗೆ ಇದನ್ನೇ ಹೇಳುತ್ತೀಯಾ?"

"ಹೌದು ಗುರುಗಳೇ. ಒಂದು ಒಳ್ಳೆಯ ಉದಾಹರಣೆ ಸಿಕ್ಕರೆ ಮಾತಿಗೆ ತೂಕ ಬರುತ್ತದೆ."

"ಉದಾಹರಣೆ ತಾನೇ? ನಾನು ಕೊಡುತ್ತೇನೆ. ಕುಳಿತುಕೋ ಮರಿ. ಮಧ್ಯೆ ಬಾಯಿ ಹಾಕಬೇಡ."

ಶಿಷ್ಯ ಕುಳಿತ. ಗುರುಗಳು ಕತೆ ಹೇಳಿದರು.

ಬಹಳ ದೂರ, ಉತ್ತರದ ಕಡೆ, ಹಿಮ ಬೀಳುವ ಸೀಮೆಯಲ್ಲಿ ಒಂದು ಬೆಟ್ಟದ ಊರಿತ್ತು. ಆ ಬೆಟ್ಟದ ಮೊಲಗಳಿಗೆ ಎರಡು ಬಣ್ಣ. ಬೇಸಿಗೆಯಲ್ಲಿ ಮಣ್ಣಿನ ಬಣ್ಣ, ಚಳಿಗಾಲದಲ್ಲಿ ಹಿಮದ ಬಣ್ಣ. ಹಗಲು ಗಿಡ್ಡವಾಗುತ್ತ ಬಂದಂತೆ ಕಂದು ಕೂದಲು ಉದುರಿ ಬಿಳಿ ಕೂದಲು ಬರುತ್ತದೆ. ಹಗಲು ಉದ್ದವಾಗುತ್ತ ಹೋದಂತೆ ಬಿಳಿ ಉದುರಿ ಕಂದು ಬರುತ್ತದೆ. ಇದನ್ನು ಮೊಲ ಯೋಚನೆ ಮಾಡಿ ಮಾಡುವುದಿಲ್ಲ. ನಿನ್ನ ಗಡ್ಡ ನಿನ್ನ ಅಪ್ಪಣೆ ಕೇಳಿ ಬೆಳೆಯುತ್ತದೆಯೇ? ಹಾಗೆ.

ಮೊಲಕ್ಕೆ ಕಚ್ಚುವ ಹಲ್ಲಿಲ್ಲ, ಸೀಳುವ ಉಗುರಿಲ್ಲ. ಇರುವ ಆಸ್ತಿ ಎಂದರೆ ಮೈಬಣ್ಣ. ನರಿ ಬಂದರೆ, ಹದ್ದು ಬಂದರೆ, ಅದು ಮೊದಲು ಓಡುವುದಿಲ್ಲ. ಇದ್ದಲ್ಲೇ ಮುದುಡಿ ಕುಳಿತುಬಿಡುತ್ತದೆ. ಹಿಮದ ಮೇಲೆ ಹಿಮದಂತೆ. ಮೇಲೆ ಸುಳಿದ ಹದ್ದು ಕಾಣದೆ ಮುಂದೆ ಹೋಗುತ್ತದೆ.

ಆ ಊರಿಗೆ ಚಳಿಗಾಲದ ಊಟ ಈ ಮೊಲವೇ. ಮಕ್ಕಳ ಟೋಪಿ ಅದರ ತೊಗಲಿನದೇ. ಹಿಮದಲ್ಲಿ ಬೇರೇನು ಬೆಳೆಯುತ್ತದೆ? ಆದರೆ ಸಿಕ್ಕಾಗಲೆಲ್ಲ ಹೊಡೆಯುವ ಹಾಗಿರಲಿಲ್ಲ. ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಬೇಸಿಗೆ ಮೊಲ ಮರಿ ಹಾಕುವ ಕಾಲ, ಆಗ ಬೇಟೆ ಇಲ್ಲ. ಮೊದಲ ಬಿಳಿ ಮೊಲ ಕಂಡ ದಿನ ಕೊಂಬು ಊದಬೇಕು. ಕೊಂಬಿನ ದನಿ ಎಲ್ಲಿಂದ ಕೇಳಿತೋ ಅಲ್ಲಿಗೆ ಊರು ದೊಣ್ಣೆ, ಬಲೆ ಹಿಡಿದು ಬರಬೇಕು. ಅಂದಿನಿಂದ ಬೇಟೆ.

ಕೇಳಿದೆಯಾ ಮರಿ? ಕಟ್ಟಳೆಯಲ್ಲಿ ಹಿಮದ ಮಾತೇ ಇಲ್ಲ. ಯಾಕೆಂದರೆ ಮೊಲ ಬಿಳಿಯಾಗುವ ಹೊತ್ತಿಗೆ ಹಿಮ ಬಿದ್ದೇ ಇರುತ್ತಿತ್ತು. ಯಾವಾಗಲೂ ಇರುವುದನ್ನು ಯಾರು ಕಟ್ಟಳೆಯೊಳಗೆ ಹೇಳುತ್ತಾರೆ? ಆದರೂ ಅದರೊಳಗೊಂದು ನ್ಯಾಯವಿತ್ತು. ಬಿಳಿಯ ಮೇಲೆ ಬಿಳಿಯನ್ನು ಹುಡುಕಿ ಹಿಡಿಯುವುದು ಹುಡುಗಾಟವಲ್ಲ. ದಿನವಿಡೀ ಅಲೆದು ಬರಿಗೈಯಲ್ಲಿ ಮನೆಗೆ ಬಂದವರೇ ಹೆಚ್ಚು. ಊರಿನವರಿಗೆ ಹೊಟ್ಟೆ ತುಂಬುವಷ್ಟು ಸಿಗುತ್ತಿತ್ತು, ಮೊಲಕ್ಕೆ ಸಂತಾನ ಉಳಿಯುವಷ್ಟು ತಪ್ಪಿಸಿಕೊಳ್ಳಲು ಆಗುತ್ತಿತ್ತು.

ಕೊಂಬು ಒಂದು ಮನೆತನದ ಸೊತ್ತು. ಆ ಮನೆಯವನನ್ನು ಊರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕೊಂಬಿನವನು ಎನ್ನುತ್ತಿತ್ತು. ಹಗಲು ಗಿಡ್ಡವಾಗತೊಡಗಿದರೆ ಅವನು ಬೆಟ್ಟದ ನೆತ್ತಿಗೆ ಹೋಗಿ ಹಿಮದಲ್ಲಿ ಹೊಟ್ಟೆಯ ಮೇಲೆ ಮಲಗುತ್ತಿದ್ದ. ಬಿಳಿ ಮೊಲದ ಕಿವಿಯ ತುದಿ ಮಾತ್ರ ಕಪ್ಪು. ಆ ಕಪ್ಪು ಚುಕ್ಕೆ ಅಲುಗಾಡುವುದನ್ನು ಹಿಡಿಯುವ ಕಣ್ಣು ಬೇಕು. ಅವನ ಅಪ್ಪನಿಗೆ ಆ ಕಣ್ಣಿತ್ತು, ಅವನಿಗೂ ಇತ್ತು. ಊರಿನ ಮದುವೆ ಮನೆಯಲ್ಲಿ ಅವನಿಗೆ ಬೆಂಕಿಯ ಪಕ್ಕದ ಜಾಗ. ಅದೇ ಅವನ ಸಿರಿ. ಕೊಂಬು ಕೈತಪ್ಪಿದರೆ ಆ ಊರಿನಲ್ಲಿ ಅವನು ಯಾರೂ ಅಲ್ಲ.

ಒಂದು ವರ್ಷ ಅವನು ನೆತ್ತಿಗೆ ಹೋದ. ಹಿಮ ಬಿದ್ದಿರಲಿಲ್ಲ. ಇಂದು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ಕಾದ. ಬೆಟ್ಟ ಒಣ ಹುಲ್ಲು ಹೊದ್ದು ಕಂದಾಗಿಯೇ ಬಿದ್ದುಕೊಂಡಿತ್ತು. ಒಂದು ಬೆಳಿಗ್ಗೆ ತಲೆಯೆತ್ತಿ ನೋಡಿದರೆ, ಇಳಿಜಾರಿನ ನಡುವೆ ಒಂದು ಬಿಳಿ ಮೊಲ.

ಅವನು ಹೊಟ್ಟೆಯ ಮೇಲೆ ಮಲಗಬೇಕಾಗಲಿಲ್ಲ, ಕಣ್ಣು ಕಿರಿದು ಮಾಡಬೇಕಾಗಲಿಲ್ಲ. ಬಟ್ಟೆ ಒಗೆದು ಒಣಹಾಕಿದ ಹಾಗೆ ಕಾಣುತ್ತಿತ್ತು. ಒಂದಲ್ಲ, ಇಳಿಜಾರಿನ ಉದ್ದಕ್ಕೂ ಇದ್ದವು. ಅವನು ಎದ್ದು ನಡೆದುಕೊಂಡೇ ಒಂದರ ಹತ್ತಿರ ಹೋದ. ಅದು ಓಡಲಿಲ್ಲ, ಕಿವಿಯನ್ನು ಬೆನ್ನಿಗೆ ಅಂಟಿಸಿಕೊಂಡು ಕುಳಿತೇ ಇತ್ತು. ತಾನು ಯಾರಿಗೂ ಕಾಣುತ್ತಿಲ್ಲ ಎಂದು ನಂಬಿತ್ತು.

ಕೊಂಬಿನವನು ಕೊಂಬನ್ನು ಎತ್ತಿ ಮತ್ತೆ ಕೆಳಗಿಳಿಸಿದ. ಆದರೆ ಕಟ್ಟಳೆ ಕಟ್ಟಳೆಯೇ. ಬಿಳಿ ಮೊಲ ಕಂಡಿದೆ. ಅಜ್ಜ ಊದಿದ್ದ, ಅಪ್ಪ ಊದಿದ್ದ. ಅವನೂ ಊದಿದ.

ಊರು ಓಡಿಬಂತು. ಬಂದು ನೋಡಿ ಮೊದಲು ಬೆರಗಾಯಿತು, ಆಮೇಲೆ ನಕ್ಕಿತು. ಬಲೆ ಬಿಚ್ಚುವ ಕೆಲಸವೇ ಇರಲಿಲ್ಲ. ಕುಳಿತಿದ್ದ ಮೊಲದ ತಲೆಗೆ ದೊಣ್ಣೆ ಇಟ್ಟರೆ ಮುಗಿಯಿತು. ಬೇಟೆಗೆಂದು ಎಂದೂ ಬೆಟ್ಟ ಹತ್ತದ ಮುದುಕಿಯರು ಹತ್ತಿದರು. "ನೋಡ್ರೋ, ನಮ್ಮ ಅಜ್ಜಿ ಕೂತಲ್ಲಿಂದಲೇ ಹಿಡಿದಳು! ಇನ್ನು ಗಂಡಸರು ಮನೆಯಲ್ಲಿ ಕೂತು ರೊಟ್ಟಿ ಸುಡಿ!" ಎಂದು ಹೆಂಗಸೊಬ್ಬಳು ಕೂಗಿದಳು. ಬೆಟ್ಟವೆಲ್ಲ ನಗೆ. ನಗುತ್ತಲೇ ಹೊಡೆದರು. ಹೊಟ್ಟೆಗೆ ಬೇಕಾದಷ್ಟು ಹೊಡೆದರು. ಆಮೇಲೆ ಕೈ ನಿಲ್ಲದೆ ಹೊಡೆದರು. ಮನುಷ್ಯರು ಬಿಟ್ಟದ್ದನ್ನು ನರಿ ಹಿಡಿಯಿತು, ನರಿ ಬಿಟ್ಟದ್ದನ್ನು ಹದ್ದು ಎತ್ತಿತು.

ಆ ಚಳಿಗಾಲ ಊರಿಗೆ ಹಬ್ಬ. ಹಬ್ಬಕ್ಕೆ ಕೆಳಗಿನ ಪಟ್ಟಣದಿಂದ ಒಬ್ಬ ಪಂಡಿತ ಬಂದ. ಮೊಲದ ಸಾರು ಎರಡು ಸಲ ಹಾಕಿಸಿಕೊಂಡು ಉಂಡು, ಕೈ ಒರೆಸಿಕೊಂಡು, ಉಪದೇಶಕ್ಕೆ ಕುಳಿತ. "ಈ ಮೊಲವನ್ನು ನೋಡಿ ಕಲಿಯಿರಿ. ಹಿಮವಿಲ್ಲದಾಗಲೂ ಬಿಳಿ ಅಂಗಿ ತೊಟ್ಟು ಕೂರುತ್ತದೆ. ಕಾಲ ಅರಿಯದ ಮೂಢ ಪ್ರಾಣಿ. ಕಾಲ ಅರಿಯದವರಿಗೆ ಇದೇ ಗತಿ." ಜನ ತಲೆದೂಗಿದರು. ಬಾಯಲ್ಲಿ ಮೊಲ ಇತ್ತು, ತಲೆದೂಗುವುದು ಸುಲಭ.

ಕೊಂಬಿನವನು ತಲೆದೂಗಲಿಲ್ಲ. ಆ ಪಂಡಿತ ಸಾರು ಸುರಿಸಿಕೊಂಡ ರೀತಿ ನೋಡಿ ಅವನಿಗೆ ಮೈ ಉರಿಯಿತು. ಮೊಲಕ್ಕೆ ಕಾಲ ಗೊತ್ತಿಲ್ಲವಂತೆ! ಮೊಲ ಪ್ರತಿ ವರ್ಷ ಬಿಳಿಯಾಗುವ ಹೊತ್ತಿಗೇ ಬಿಳಿಯಾಗಿತ್ತು. ಒಂದು ದಿನ ಮುಂಚೆ ಅಲ್ಲ, ಒಂದು ದಿನ ತಡವಲ್ಲ. ತಡ ಮಾಡಿದ್ದು ಹಿಮ. ಆದರೆ ಅವನು ಮಾತು ಬಲ್ಲವನಲ್ಲ. ಸುಮ್ಮನೆ ಎದ್ದು ಹೊರಗೆ ಹೋದ.

ಹಿಮ ಯಾಕೆ ತಡ ಮಾಡಿತು? ಅದು ಊರಿಗೆಲ್ಲ ಗೊತ್ತಿತ್ತು. ಬೆಟ್ಟದ ಕೆಳಗೆ ಒಬ್ಬ ವರ್ತಕ ಸುಣ್ಣದ ಭಟ್ಟಿಗಳನ್ನು ಹಾಕಿದ್ದ. ಹಗಲೂ ರಾತ್ರಿ ಬೆಂಕಿ. ಬೆಂಕಿಗೆ ಕಾಡು. ಅವನನ್ನು ನೋಡಿ ಆಚೆ ಕಣಿವೆಯವನೂ ಹಾಕಿದ, ಅದರಾಚೆಯವನೂ ಹಾಕಿದ. ಒಂದೊಂದೇ ಗುಡ್ಡ ಬೋಳಾಯಿತು. ಗಾಳಿ ಬೆಚ್ಚಗಾಯಿತು. ಹಿಮ ವರ್ಷದಿಂದ ವರ್ಷಕ್ಕೆ ತಡವಾಗಿ ಬಂತು, ಬೇಗ ಕರಗಿತು. ಬಿದ್ದ ಹಿಮದ ಮೇಲೂ ಮಸಿ. ಎಲ್ಲರೂ ಕಣ್ಣಾರೆ ಕಂಡಿದ್ದರು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಊರಿನ ತೊಗಲುಗಳನ್ನು ಕೊಳ್ಳುತ್ತಿದ್ದವನು ಆ ವರ್ತಕನೇ. ಉಪ್ಪು ಕೊಡುತ್ತಿದ್ದವನೂ ಅವನೇ.

ಮರುವರ್ಷ ಬೇಸಿಗೆಯಲ್ಲಿ ಬೆಟ್ಟದಲ್ಲಿ ಮೊಲದ ಮರಿಗಳು ಅಪರೂಪವಾದವು. ಮತ್ತೆ ಹಗಲು ಗಿಡ್ಡವಾಯಿತು. ಕೊಂಬಿನವನು ನೆತ್ತಿಗೆ ಹೋದ. ಮತ್ತೆ ಹಿಮವಿಲ್ಲ. ದಿನವೆಲ್ಲ ಅಲೆದ ಮೇಲೆ ಒಂದು ಮೊಲ ಕಂಡಿತು. ಬಿಳಿಯಾಗಿತ್ತು. ಬಂಡೆಯ ಪಕ್ಕ, ಕಂದು ಹುಲ್ಲಿನ ನಡುವೆ, ಅದೇ ಹಳೆಯ ನಂಬಿಕೆಯಲ್ಲಿ ಕುಳಿತಿತ್ತು.

ಅವನು ಕೊಂಬನ್ನು ತುಟಿಗೆ ತರಲಿಲ್ಲ. ಕಂಬಳಿ ಬೀಸಿ ಮೊಲವನ್ನು ಹಿಡಿದ. ಊರಿನವರು ಕಂಡಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ತೊರೆಯ ಅಂಚಿನಿಂದ ಕೆಸರು ತಂದು ಅದರ ಮೈಗೆಲ್ಲ ಬಳಿದ. ಬೆನ್ನಿಗೆ, ಹೊಟ್ಟೆಗೆ, ಕಿವಿಗೆ. ಬಿಟ್ಟ. ಮೊಲ ಓಡಿ ಇನ್ನೊಂದು ಬಂಡೆಯ ಪಕ್ಕ ಕುಳಿತಿತು. ಈಗ ಅದು ಕಲ್ಲೋ ಮೊಲವೋ ತಿಳಿಯುತ್ತಿರಲಿಲ್ಲ. ಆ ವರ್ಷ ಅವನು ಮೊದಲ ಸಲ ನಕ್ಕ.

ಆಮೇಲೆ ಮೊಲ ಮೈ ನೆಕ್ಕಿಕೊಳ್ಳತೊಡಗಿತು. ಮೊಲ ಶುಚಿಯಾದ ಪ್ರಾಣಿ. ಮುಂಗಾಲು ಎತ್ತಿ ಮುಖ ತೊಳೆಯಿತು, ಕಿವಿಯನ್ನು ಬಗ್ಗಿಸಿ ಎಳೆದೆಳೆದು ನೆಕ್ಕಿತು, ಬೆನ್ನು ತಿರುಗಿಸಿ ನೆಕ್ಕಿತು. ಅವನು ಕೈ ಬೀಸಿದ, ಗದರಿಸಿದ. "ಬೇಡವೇ, ಬೇಡ, ಬಿಡೇ!" ಎಂದು ಮಗುವಿಗೆ ಹೇಳುವಂತೆ ಬೇಡಿಕೊಂಡ. ಅದು ಬಿಡಲಿಲ್ಲ. ಹೊತ್ತು ಇಳಿಯುವುದರೊಳಗೆ ಕೆಸರು ಕೂದಲಿನಷ್ಟೂ ಉಳಿಯದೆ ಮತ್ತೆ ಬೆಳ್ಳಗೆ ಹೊಳೆಯುತ್ತ ಕುಳಿತಿತು. ಅವನಿಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು. ಮೊಲದ ಮೇಲೆ ಅಲ್ಲ.

ಅವನು ಊದದೆಯೇ ಊರಿಗೆ ಇಳಿದ. ಹೀಗೇ ಕೆಲವು ದಿನ ಕಳೆದವು. ಆದರೆ ಬೆಟ್ಟದಲ್ಲಿ ಕಣ್ಣಿರುವವನು ಅವನೊಬ್ಬನೇ ಅಲ್ಲ. ಸೌದೆಗೆ ಹೋದವರು ಬಿಳಿ ಮೊಲ ಕಂಡು ಬಂದು ಹೇಳಿದರು. ಊರಿನ ಪಂಚಾಯಿತಿ ಸೇರಿತು. ಊರ ಯಜಮಾನ ಅವನನ್ನು ನಡುವೆ ನಿಲ್ಲಿಸಿ ಕೇಳಿದ.

"ಏನಪ್ಪಾ ಕೊಂಬಿನವನೇ, ಕಣ್ಣಿಗೆ ಪೊರೆ ಬಂದಿದೆಯೋ, ಶ್ವಾಸಕ್ಕೆ ಬರ ಬಂದಿದೆಯೋ?"

"ಎರಡೂ ಚೆನ್ನಾಗಿವೆ ಯಜಮಾನರೇ. ಮೊಲ ಕಂಡಿದೆ. ಹಿಮ ಕಂಡಿಲ್ಲ."

"ಹಿಮ ನೋಡು ಎಂದು ನಿನಗೆ ಹೇಳಿದವರು ಯಾರು? ಬಿಳಿ ಕಂಡ ದಿನ ಊದು. ಅಷ್ಟೇ ನಿನ್ನ ಕೆಲಸ."

"ಕಟ್ಟಳೆ ತಿದ್ದೋಣ. ಹಿಮ ಬಿದ್ದ ದಿನ ಊದುತ್ತೇನೆ. ಅಲ್ಲಿಯವರೆಗೆ ಯಾರೂ ಹೊಡೆಯುವುದು ಬೇಡ. ಈ ವರ್ಷ ಹೊಡೆದರೆ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ."

ಪಂಚಾಯಿತಿಯಲ್ಲಿ ಗುಜುಗುಜು ಎದ್ದಿತು. ಕೆಲವರ ಮುಖದಲ್ಲಿ ಅವನ ಮಾತು ನಾಟಿದ್ದು ಕಾಣುತ್ತಿತ್ತು. ಆದರೆ ಯಜಮಾನ ಕೈ ಎತ್ತಿದ. "ಅಜ್ಜಂದಿರು ಹಾಕಿದ್ದನ್ನು ತಿದ್ದಲು ನೀನು ಯಾವ ಊರಿನ ಪಂಡಿತನಪ್ಪಾ? ಮೊಲಕ್ಕೆ ಬದುಕಬೇಕೆಂದಿದ್ದರೆ ಕಂದಾಗಿ ಇರಲಿ. ಯಾರು ಬೇಡ ಎಂದರು? ಅಮಾವಾಸ್ಯೆಯ ತನಕ ಕಾಯುತ್ತೇವೆ. ಅಷ್ಟರಲ್ಲಿ ಊದದಿದ್ದರೆ ಕೊಂಬು ನನ್ನ ಅಳಿಯನ ಕೈಗೆ."

ಕೊಂಬಿನವನು ಮನೆಗೆ ಹೋಗಲಿಲ್ಲ. ಬೆಟ್ಟ ಇಳಿದ. ಮೊದಲು ಆಚೆ ಕಣಿವೆಗೆ ಹೋಗಿ ಅಲ್ಲಿನ ಭಟ್ಟಿಯವನನ್ನು ಕಂಡ. ಆಮೇಲೆ ವರ್ತಕನ ಮನೆಗೆ ಬಂದ. ವರ್ತಕನ ಮನೆ ಬೋಳು ಗುಡ್ಡದ ನೆತ್ತಿಯಲ್ಲಿತ್ತು. ಸುತ್ತಲಿನ ಮರಗಳನ್ನೆಲ್ಲ ಅವನೇ ಭಟ್ಟಿಗೆ ಹಾಕಿದ್ದ. ಗೋಡೆಗೆ ತನ್ನದೇ ಸುಣ್ಣ ಬಳಿಸಿದ್ದ. ಆ ಬರಿಯ ಕಂದು ಗುಡ್ಡದ ಮೇಲೆ ಬೆಳ್ಳನೆಯ ಮನೆ ಹರದಾರಿ ದೂರದಿಂದ ಕಣ್ಣಿಗೆ ಹೊಡೆಯುತ್ತಿತ್ತು.

ವರ್ತಕ ಕೆಟ್ಟವನಂತೆ ಕಾಣಲಿಲ್ಲ. ಕಾಣುವುದೂ ಇಲ್ಲ, ಮರಿ, ಇಂಥವರು. ಬಾ ಎಂದ, ಚಾಪೆ ಹಾಕಿಸಿದ. ತಲೆಯ ಮೇಲೆ ಮೊಲದ ತೊಗಲಿನ ಟೋಪಿ.

"ಹಿಮ ಬೀಳದಿದ್ದರೆ ನಾನೇನು ಮಾಡಲಯ್ಯಾ? ನನ್ನ ಉಗ್ರಾಣದಲ್ಲಿ ಬಚ್ಚಿಟ್ಟಿದ್ದೇನೆಯೇ?" ಎಂದ.

"ಭಟ್ಟಿ ಆರಿಸಿ. ಪೂರ್ತಿ ಬೇಡ, ಅರ್ಧ ಆರಿಸಿ. ಉಳಿದ ಕಾಡನ್ನು ಬಿಡಿ."

"ನನ್ನದೊಂದು ಭಟ್ಟಿ ಆರಿದರೆ ಆಕಾಶ ತಣ್ಣಗಾಗುತ್ತದೆಯೇ? ಆಚೆ ಕಣಿವೆಯವನನ್ನು ಕೇಳು. ಅವನು ಆರಿಸಿದ ದಿನ ನಾನೂ ಆರಿಸುತ್ತೇನೆ."

"ಅವನ ಹತ್ತಿರ ಹೋಗಿಯೇ ಬಂದೆ. ಅವನು ನಿಮ್ಮ ಹೆಸರು ಹೇಳಿದ."

ವರ್ತಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಜಾಣ ಅವನು! ನೋಡಪ್ಪಾ, ಸುಣ್ಣ ಬೇಡ ಎನ್ನುವವರು ಯಾರಿದ್ದಾರೆ? ನಿಮ್ಮ ಊರಿನ ಗೋಡೆಗಳಿಗೂ ನನ್ನದೇ ಸುಣ್ಣ. ನಾನು ಜನರಿಗೆ ಬೇಕಾದ್ದನ್ನು ಮಾಡುತ್ತೇನೆ. ನೀನು ಹೋಗಿ ಮೊಲಕ್ಕೆ ಹೇಳು. ಸ್ವಲ್ಪ ಬುದ್ಧಿ ಕಲಿಯಲಿ, ಬಣ್ಣ ಬದಲಿಸುವುದನ್ನು ನಿಲ್ಲಿಸಲಿ."

ಕೊಂಬಿನವನು ಎದ್ದ. ಅಂಗಳಕ್ಕೆ ಬಂದ. ಅವನ ಎದೆಯಲ್ಲಿ ಆ ಹೊತ್ತು ಭಯವಿರಲಿಲ್ಲ. ಮೊಲದ ತಲೆಯ ಮೇಲೆ ದೊಣ್ಣೆ ಇಟ್ಟು ನಕ್ಕವರ ನಗೆ, ಸಾರು ಸುರಿದುಕೊಂಡವನ ಉಪದೇಶ, ಈಗ ಈ ಟೋಪಿಯವನ ನಗೆ, ಎಲ್ಲ ಸೇರಿ ಗಂಟಲಿಗೆ ಬಂದಿತ್ತು. ಕೊಂಬೆತ್ತಿ ಊದಿದ. ಅವನ ಅಪ್ಪ, ಅಜ್ಜ ಯಾರೂ ಹಾಗೆ ಊದಿರಲಿಲ್ಲ. ಕಣಿವೆ ನಡುಗಿತು. ಭಟ್ಟಿಯ ಆಳುಗಳು ಕೆಲಸ ಬಿಟ್ಟು ನೋಡಿದರು.

ಊರಿಗೆ ದನಿ ಕೇಳಿತು. ದನಿ ಕೇಳಿದಲ್ಲಿಗೆ ಬರಬೇಕು, ಅದು ಕಟ್ಟಳೆ. ದೊಣ್ಣೆ ಹಿಡಿದು, ಬಲೆ ಹೊತ್ತು, ಏದುಸಿರು ಬಿಡುತ್ತ ಊರು ಇಳಿದು ಬಂತು. ಮುಂದೆ ಯಜಮಾನ. ಅಂಗಳದ ತುಂಬ ಜನ ನಿಂತು ಅತ್ತ ಇತ್ತ ಹುಡುಕಿದರು.

"ಎಲ್ಲಿದೆಯೋ ಮೊಲ?"

"ಬಿಳಿ ಕಂಡ ದಿನ ಊದು ಎಂದಿರಿ," ಎಂದ ಕೊಂಬಿನವನು. ವರ್ತಕನ ಮನೆಯ ಕಡೆ ಕೈ ತೋರಿಸಿದ. "ಇದಕ್ಕಿಂತ ಬೆಳ್ಳಗೆ ನನಗೆ ಇನ್ನೇನೂ ಕಾಣಲಿಲ್ಲ. ಇದೂ ಓಡುವುದಿಲ್ಲ, ಕುಳಿತೇ ಇರುತ್ತದೆ. ದೊಣ್ಣೆ ತಂದಿದ್ದೀರಲ್ಲ. ಹೊಡೆಯುವುದು ಬೇಡ, ಹೋಗಿ ಆ ಭಟ್ಟಿಯ ಬಾಯಿಗೆ ಮಣ್ಣು ಮುಚ್ಚಿ. ಇಷ್ಟು ಕೈಗಳಿವೆ. ಒಂದು ಹೊತ್ತಿನ ಕೆಲಸ."

ಎಲ್ಲರೂ ಮನೆಯ ಕಡೆ ನೋಡಿದರು, ಭಟ್ಟಿಯ ಕಡೆ ನೋಡಿದರು. ಅವನು ಹೇಳಿದ್ದು ಅವರಿಗೆ ತಿಳಿಯಲಿಲ್ಲ ಎನ್ನುವ ಹಾಗಿರಲಿಲ್ಲ. ತಿಳಿಯಿತು. ಒಬ್ಬ ಮುದುಕ ಎರಡು ಹೆಜ್ಜೆ ಮುಂದೆಯೂ ಹಾಕಿದ. ಅಷ್ಟರಲ್ಲಿ ವರ್ತಕ ಜಗಲಿಗೆ ಬಂದು ನಿಂತ. ಹೆದರಲಿಲ್ಲ, ಬಯ್ಯಲಿಲ್ಲ.

"ಅಯ್ಯೋ, ಊರಿಗೆ ಊರೇ ಬಂದಿದೆ! ಯಾಕೆ ಬಿಸಿಲಲ್ಲಿ ನಿಂತಿರಿ? ಬನ್ನಿ, ಕುಳಿತುಕೊಳ್ಳಿ. ಏನಾದರೂ ತಿಂದು ಹೋಗಿ."

ಮುದುಕ ನಿಂತ. ಆ ಮಾತಿಗೆ ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು. ಮೊದಲು ಯಜಮಾನ ಕೈ ಮುಗಿದ. ಆಮೇಲೆ ಎಲ್ಲರೂ ಮುಗಿದರು. ದೊಣ್ಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಮುಗಿದರು. ಕುಳಿತಿದ್ದ ಮೊಲದ ನೆತ್ತಿಗೆ ಎಷ್ಟು ಚುರುಕಾಗಿ ಎದ್ದ ಕೈಗಳು, ಥೂ, ಅವೇ ಕೈಗಳು! ಸಾಲಾಗಿ ಜಗಲಿಯ ಮೇಲೆ ಕುಳಿತು ವರ್ತಕ ಕೊಟ್ಟದ್ದನ್ನು ತಿಂದರು. ತಿನ್ನುತ್ತ ಯಾರೂ ಕೊಂಬಿನವನ ಕಡೆ ತಿರುಗಲಿಲ್ಲ.

ಊಟವಾದ ಮೇಲೆ ಯಜಮಾನ ಬಂದು ಅವನ ಕೊರಳಿನಿಂದ ಕೊಂಬು ಬಿಚ್ಚಿಕೊಂಡ. "ನಮ್ಮ ಮರ್ಯಾದೆ ಕಳೆದೆಯಲ್ಲೋ," ಎಂದ. ಅಷ್ಟೇ.

ಯಜಮಾನನ ಅಳಿಯ ಬೆಟ್ಟದ ನೆತ್ತಿಗೆ ಹೋಗಲೇ ಇಲ್ಲ. ಹೋಗುವುದು ಬೇಕಿರಲಿಲ್ಲ. ಮನೆಯ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತ ಎದುರಿನ ಇಳಿಜಾರು ನೋಡಿದ, ಬಿಳಿ ಕಂಡಿತು, ಬಾಯಿ ತೊಳೆದುಕೊಂಡು ಊದಿದ. ಊರು ಹೋಯಿತು. ಆ ಸಲ ನಗು ಅಷ್ಟಿರಲಿಲ್ಲ, ಹೊಡೆಯಲು ಅಷ್ಟು ಸಿಗಲಿಲ್ಲ. ಸಿಕ್ಕಷ್ಟನ್ನೂ ಬಿಡಲಿಲ್ಲ.

ಕೊನೆಗೊಂದು ದಿನ ಹಿಮ ಬಿತ್ತು. ತಡವಾಗಿ, ತೆಳ್ಳಗೆ, ಬೆಟ್ಟಕ್ಕೆ ಹಳೆಯ ಬಟ್ಟೆ ಹೊದಿಸಿದಂತೆ ಬಿತ್ತು. ಕೈಯಲ್ಲಿ ಕೊಂಬಿಲ್ಲದ ಕೊಂಬಿನವನು ಬೆಳಿಗ್ಗೆ ಎದ್ದು ಬೆಟ್ಟ ಹತ್ತಿದ. ಹೊಟ್ಟೆಯ ಮೇಲೆ ಮಲಗಿ ಕಪ್ಪು ಚುಕ್ಕೆಗಾಗಿ ಕಣ್ಣು ನೆಟ್ಟ. ಹೊತ್ತು ಏರಿತು, ಹೊತ್ತು ಇಳಿಯಿತು. ಎದ್ದು ಇಳಿಜಾರಿನ ಉದ್ದಕ್ಕೂ ನಡೆದ. ಹಿಂತಿರುಗಿ ನೋಡಿದರೆ ಆ ಹಿಮದ ಮೇಲೆ ಅವನ ಹೆಜ್ಜೆಗಳು ಮಾತ್ರ ಇದ್ದವು. ಬೇರೆ ಯಾವ ಪ್ರಾಣಿಯ ಹೆಜ್ಜೆಯೂ ಇರಲಿಲ್ಲ.

ಮುಂದಿನ ಚಳಿಗಾಲಕ್ಕೆ ಊರಿನಲ್ಲಿ ಒಲೆಯ ಮೇಲೆ ಬರಿಯ ನೀರು ಕುದಿಯಿತು. ಗಂಡಸರು ಒಬ್ಬೊಬ್ಬರಾಗಿ ಕೆಳಗಿಳಿದು ವರ್ತಕನ ಭಟ್ಟಿಯಲ್ಲಿ ಕೆಲಸಕ್ಕೆ ನಿಂತರು. ಆಮೇಲೆ ಹೆಂಗಸರೂ ಇಳಿದರು. ಅವರಲ್ಲಿ ಕೊಂಬಿನವನೂ ಇದ್ದ, ಹಸಿವು ಅವನನ್ನೂ ಬಿಡಲಿಲ್ಲ. ಸಂಜೆ ಕೆಲಸ ಬಿಟ್ಟು ಸಾಲಾಗಿ ಗುಡ್ಡ ಹತ್ತುವಾಗ ಮೈಯೆಲ್ಲ ಸುಣ್ಣ. ತಲೆ, ರೆಪ್ಪೆ, ಕಿವಿ, ಎಲ್ಲ ಸುಣ್ಣ. ಆ ಬೋಳು ಕಂದು ನೆಲದ ಮೇಲೆ ಅವರೊಬ್ಬೊಬ್ಬರೂ ಬಹಳ ದೂರದಿಂದ ಕಾಣುತ್ತಿದ್ದರು.

ಅಡವಯ್ಯನವರು ಕತೆ ನಿಲ್ಲಿಸಿದರು.

ಚನ್ನವೃಷಭ ತಲೆ ತಗ್ಗಿಸಿ ಕುಳಿತಿದ್ದ. ಅವನಿಗೆ ಆ ಊರಿನವರ ಮೇಲೂ ವರ್ತಕನ ಮೇಲೂ ರೋಷ ಬಂದಿತ್ತು. ತಲೆಯೆತ್ತಿ ಕೇಳಿದ:

"ಇಷ್ಟೆಲ್ಲ ಆಗುವಾಗ, ಗುರುಗಳೇ, ಅಲ್ಲಿ ಬುದ್ಧಿ ಹೇಳುವ ಹಿರಿಯರು ಒಬ್ಬರಾದರೂ ಇರಲಿಲ್ಲವೇ?"

"ಬೇಕಾದಷ್ಟು ಜನ ಇದ್ದರು," ಎಂದರು ಅಡವಯ್ಯನವರು, "ಎಲ್ಲರೂ ಮೊಲಕ್ಕೇ ಹೇಳಿದರು."